ವಿಶ್ವವಿದ್ಯಾಲಯದ ಅಧ್ಯಾಪಕರಿಗೆ ಸಮಸ್ಯೆ ಆಧಾರಿತ ಕಲಿಕೆಯ ತರಬೇತಿ ಕೊಡುವುದು ಹೇಗೆ?

ಮೊದಲು ಅಧ್ಯಾಪಕರನ್ನೇ ವಿದ್ಯಾರ್ಥಿಗಳ ಜಾಗದಲ್ಲಿ ಕೂರಿಸಿ. 1969ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗದಲ್ಲಿ ಶುರುವಾದ ಈ ವಿಧಾನದಲ್ಲಿ ಮೊದಲು ಸಮಸ್ಯೆ, ಆಮೇಲೆ ಪಾಠ. ಇದನ್ನು ಪಿಪಿಟಿ ತೋರಿಸಿ ಕಲಿಸಲು ಆಗುವುದಿಲ್ಲ.

ನಮ್ಮ ಧಾರವಾಡ, ಹಾವೇರಿ ಕಡೆಯದೇ ಸಮಸ್ಯೆ ಕೊಡಿ. ರೈತರೊಬ್ಬರು ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ತಂದಿದ್ದಾರೆ. ತೇವ ಜಾಸ್ತಿ ಅಂತ ರೇಟು ಇಳಿಸಿದ್ದಾರೆ. ಇವತ್ತೇ ಮಾರಬೇಕಾ, ಒಣಗಿಸಿ ಕೋಲ್ಡ್ ಸ್ಟೋರೇಜ್‌ನಲ್ಲಿ ಇಡಬೇಕಾ? ಏಳೆಂಟು ಜನರ ಗುಂಪು ಮಾಡಿ, ಬೋರ್ಡಿನ ಮೇಲೆ ಮೂರು ಕಾಲಂ ಎಳೆಯಿರಿ: ಗೊತ್ತಿರೋದು, ಗೊತ್ತಿಲ್ಲದ್ದು, ಎಲ್ಲಿ ಹುಡುಕೋದು. ಬಾಡಿಗೆ, ಸಾಲದ ಬಡ್ಡಿ, ಕಾಯಿಯ ಬಣ್ಣ ಮಾಸುವುದು ಎಲ್ಲ ತಾನಾಗಿ ಚರ್ಚೆಗೆ ಬರುತ್ತದೆ. ಕಾಮರ್ಸ್‌ನವರಿಗೂ ಕೆಮಿಸ್ಟ್ರಿಯವರಿಗೂ ಕೆಲಸ ಇದೆ.

ಗುಂಪು ನಡೆಸುವ ಅಧ್ಯಾಪಕರಿಗೆ ನಿಜವಾದ ಕಷ್ಟ ಉತ್ತರ ಹೇಳದೆ ಸುಮ್ನೆ ಕೂರೋದು. ವರ್ಷಗಟ್ಟಲೆ ಪಾಠ ಹೇಳಿದವರಿಗೆ ಉತ್ತರ ಬಾಯಿಗೆ ಬಂದೇ ಬರುತ್ತದೆ, ಅಲ್ವಾ? ಅದಕ್ಕೆ ಒಬ್ಬರು ಗುಂಪು ನಡೆಸುವಾಗ ಇನ್ನೊಬ್ಬರು ಹಿಂದೆ ಕೂತು, ಅವರು ಎಷ್ಟು ಪ್ರಶ್ನೆ ಕೇಳಿದರು, ಎಷ್ಟು ಸಲ ಉತ್ತರ ಹೇಳಿಬಿಟ್ಟರು ಅಂತ ಬರೆದುಕೊಳ್ಳಲಿ. ನನ್ನ ಪ್ರಕಾರ ತರಬೇತಿಯಲ್ಲಿ ಇದೇ ಮುಖ್ಯ.

ಒಂದು ದಿನದ ಕಾರ್ಯಾಗಾರಕ್ಕೆ ನಿಲ್ಲಿಸಬೇಡಿ. ಆಮೇಲೆ ಅವರವರ ತರಗತಿಯಲ್ಲೂ ಸೆಮಿಸ್ಟರ್‌ನಲ್ಲಿ ಒಂದು ಯೂನಿಟ್ ಹೀಗೆ ಮಾಡಿಸಿ. ಇಂಟರ್ನಲ್ ಅಂಕವನ್ನೂ ಇದಕ್ಕೇ ಕೊಡಿ, ಇಲ್ಲದಿದ್ದರೆ ಹುಡುಗರು ಗೈಡ್ ಹಿಡಿದೇ ಕೂರುತ್ತಾರೆ.