‘ಕಾಕಾ’ ಅನ್ನಾಕ ‘ತಾತಾ’ ಅಂತಾನ: ನಾಲಿಗಿ ನರ ಕೊಯ್ಸಬೇಕೇನು?

ನಿಮ್ಮ ಮಗ ‘ಕ’ ಬದ್ಲಿ ‘ತ’ ಅಂತಾನ, ನಾಲಿಗಿ ಕೆಳಗಿನ ನರ ಅಂಟೇತಿ, ಕೊಯ್ಸಬೇಕೇನು ಅಂತ ಕೇಳೀರಿ. ನಾಲಿಗಿ ಅಂಟಿದ್ದು ಕಾರಣ ಅನಸೂದಿಲ್ರಿ. ಕ, ಗ ಹುಟ್ಟೂದು ನಾಲಿಗಿ ಹಿಂಭಾಗ ಮ್ಯಾಲೆದ್ದಾಗ; ತ, ದ ಹುಟ್ಟೂದು ನಾಲಿಗಿ ತುದಿಯಿಂದ. ನಿಮ್ಮ ಮಗ ಹಿಂದಿನ ಧ್ವನಿನ ಮುಂದ ತಂದು ‘ಗಾಡಿ’ಗೆ ‘ದಾಡಿ’ ಅನ್ನಾಕತ್ತಾನ. ಸಣ್ಣ ಮಕ್ಕಳು ಹಿಂಗ ಮಾತಾಡೂದು ಸಹಜ, ಆದ್ರ ನಾಲ್ಕು ತುಂಬೂದ್ರಾಗ ಸಾಮಾನ್ಯವಾಗಿ ಹೋಗಿರ್ತದ. ಅವಗ ನಾಲ್ಕೂವರಿ ಅಂದೀರಿ, ಇನ್ನ ಕಾಯಬ್ಯಾಡ್ರಿ.

ಮೊದಲ ಕಿವಿ ಪರೀಕ್ಷೆ ಮಾಡಸ್ರಿ, ಕರದ್ರ ಓಡಿ ಬಂದ್ರೂ ಸೈತ. ಪದೇಪದೇ ನೆಗಡಿ ಆಗೋ ಮಕ್ಕಳಿಗೆ ಕೆಲವೊಮ್ಮೆ ಕಿವಿಯೊಳಗ ನೀರು ನಿಂತು ಮಂದ ಕೇಳಸ್ತಿರ್ತದ. ಆಮ್ಯಾಲೆ ವಾಕ್ ಚಿಕಿತ್ಸಕರಿಗೆ, ಅಂದ್ರ ಮಾತು ತಿದ್ದೋ ತಜ್ಞರಿಗೆ, ತೋರಸ್ರಿ. ನಿಮ್ಮ ಬಾಗಲಕೋಟೆ ಜಿಲ್ಲಾ ಆಸ್ಪತ್ರ್ಯಾಗ ವಿಚಾರಸ್ರಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕಂತನೇ ಅದ.

ಅಲ್ಲೀತನಕ ಮನ್ಯಾಗ ದಿನಾ ಹತ್ತು ನಿಮಿಷ ಕೂಡ್ರಿ. ಒಂದು ತೆಂಗಿನಕಾಯಿ, ಒಂದು ತಾಯಿ ಫೋಟೋ ಮುಂದಿಡ್ರಿ. ಮೊದಲ ನೀವು ‘ಕಾಯಿ’ ಇಲ್ಲಾ ‘ತಾಯಿ’ ಅಂತ ಹೇಳ್ರಿ, ಅವ ಬಟ್ಟು ಮಾಡಿ ತೋರಸ್ಲಿ. ಅದು ತಪ್ಪಲಾರದಂಗ ಆದಮ್ಯಾಲೆ ಅವ ಹೇಳ್ಲಿ. ಕಾಯಿ ಬೇಕಾಗಿ ‘ತಾಯಿ’ ಅಂದ್ರ ಫೋಟೋನೇ ಕೊಡ್ರಿ. ನನ್ನ ಮಗಳು ಆ ಫೋಟೋ ನೋಡಿ, ತಡದು, ಗಂಟಲ ಮುಟಗೊಂಡು ‘ಕ್... ಕಾಯಿ’ ಅಂದಿದ್ಲು. ನೀರು ಗುಳುಗುಳು ಮಾಡಸ್ರಿ, ನಾಲಿಗಿ ಹಿಂದಕ್ಕ ಹೋಗೂದು ಗೊತ್ತಾಗ್ತದ. ಮಂದಿ ಮುಂದ ಮಾತ್ರ ತಿದ್ದಬ್ಯಾಡ್ರಿ.

ಬರೇ ಓದಿ ಖಾತ್ರಿ ಹೇಳಾಕ ಬರೂದಿಲ್ಲ. ಬ್ಯಾರೆ ಅಕ್ಷರನೂ ತಪ್ಪತಾವ, ಹೊರಗಿನವರಿಗೆ ಅವನ ಮಾತು ತಿಳಿಯೂದಿಲ್ಲ ಅಂದ್ರ ಈ ವಾರನೇ ತೋರಸ್ರಿ.