ಜಪಾನಿನ ವಶದಲ್ಲಿದ್ದ ಚೀನಾ: ನಕ್ಷೆಯಲ್ಲಿ ಎಲ್ಲೆಲ್ಲಿ ಬಣ್ಣ ಹಚ್ಚಬೇಕು?

ಪ್ರಶ್ನೆ: ಪಿಯು ಮಕ್ಕಳಿಗೆ ಇತಿಹಾಸ ಪಾಠ ಮಾಡುತ್ತೇನೆ. 1937–45ರ ಚೀನಾ–ಜಪಾನ್ ಯುದ್ಧದ ನಕ್ಷೆ ನೋಡಿದರೆ, ಒಂದು ಅಟ್ಲಾಸಿನಲ್ಲಿ ಪೂರ್ವ ಚೀನಾ ಪೂರ್ತಿ ಕೆಂಪು. ಇನ್ನೊಂದರಲ್ಲಿ ರೈಲು ಹಳಿಗಳ ಗುಂಟ ಗೆರೆ ಎಳೆದು ಬಿಟ್ಟಿದ್ದಾರೆ. ಯಾವುದು ಸರಿ? ಒಟ್ಟು ಶೇಕಡಾ ಎಷ್ಟು ನೆಲ ಜಪಾನಿನ ಕೈಯಲ್ಲಿತ್ತು ಎಂದು ಹೇಳಲಿ? (ಉಪನ್ಯಾಸಕಿ, ಧಾರವಾಡ)

ಉತ್ತರ: ಎರಡೂ ತಪ್ಪಲ್ಲ. ಮೊದಲನೆಯ ನಕ್ಷೆ ಜಪಾನಿ ಸೇನೆ ಎಲ್ಲಿಯವರೆಗೆ ಮುನ್ನುಗ್ಗಿತ್ತು ಎಂಬುದನ್ನು ತೋರಿಸುತ್ತದೆ. ಎರಡನೆಯದು ಅದರ ಆಜ್ಞೆ ದಿನನಿತ್ಯ ಎಲ್ಲಿ ನಡೆಯುತ್ತಿತ್ತು ಎಂಬುದನ್ನು. ಮಕ್ಕಳಿಗೆ ಒಂದೇ ಬಣ್ಣದ ನಕ್ಷೆ ಕೊಡುವುದಕ್ಕಿಂತ ನೀವೇ ಒಂದು ಬರೆದುಕೊಳ್ಳುವುದು ಒಳ್ಳೆಯದು.

ಮೊದಲು ನಕ್ಷೆಯ ಮೂಲೆಯಲ್ಲಿ ತಿಂಗಳು, ವರ್ಷ ಬರೆಯಿರಿ. ತಾರೀಖಿಲ್ಲದ ನಕ್ಷೆಯನ್ನು ನಂಬಲೇಬೇಡಿ. ಇಲ್ಲಿ 1940ರ ಡಿಸೆಂಬರ್ ಎಂದಿಟ್ಟುಕೊಳ್ಳೋಣ.

ಗಟ್ಟಿ ಬಣ್ಣ ಹಚ್ಚಬೇಕಾದದ್ದು ಈಶಾನ್ಯದ ಮಂಚೂರಿಯಾಕ್ಕೆ. 1931ರ ಸೆಪ್ಟೆಂಬರ್ 18ರಂದು ಮುಕ್ಡೆನ್ ಬಳಿ ರೈಲು ಹಳಿಯ ಮೇಲೆ ತಮ್ಮವರೇ ಸಿಡಿಸಿದ ಸ್ಫೋಟವನ್ನು ನೆಪ ಮಾಡಿಕೊಂಡು ಜಪಾನಿನ ಕ್ವಾಂಟುಂಗ್ ಸೇನೆ ಅದನ್ನು ಕಬಳಿಸಿತು. 1932ರ ಮಾರ್ಚ್ 1ಕ್ಕೆ ಮಂಚುಕುವೊ ಎಂಬ ಹೆಸರಿನ ದೇಶವನ್ನೇ ಘೋಷಿಸಿ, ಚಿಂಗ್ ವಂಶದ ಕೊನೆಯ ದೊರೆ ಪುಯಿಯನ್ನು ಅದರ ತಲೆಯ ಮೇಲೆ ಕೂರಿಸಿತು. 1933ರಲ್ಲಿ ಜೆಹೋಲ್ ಪ್ರಾಂತವೂ ಇದಕ್ಕೆ ಸೇರಿತು. ಹಳಿ, ಗಣಿ, ಪೊಲೀಸು, ತೆರಿಗೆ, ಶಾಲೆ ಎಲ್ಲವೂ ಇಲ್ಲಿ ಜಪಾನೀಯರ ಅಂಕೆಯಲ್ಲಿದ್ದವು.

ಮಂಚುಕುವೊದ ಪಶ್ಚಿಮಕ್ಕೆ, ಒಳಮಂಗೋಲಿಯಾದಲ್ಲಿ, ಝಾಂಗ್‌ಜಿಯಾಕೌ ರಾಜಧಾನಿಯಾಗಿದ್ದ ಮೆಂಗ್‌ಜಿಯಾಂಗ್ ಎಂಬ ಇನ್ನೊಂದು ಕೈಗೊಂಬೆ ಆಡಳಿತವಿತ್ತು. ಅದಕ್ಕೆ ಸ್ವಲ್ಪ ತೆಳು ಬಣ್ಣ ಸಾಕು.

ಓರೆಗೆರೆ ಎಳೆಯಬೇಕಾದದ್ದು ಹೆಬೆ, ಶಾನ್‌ಡಾಂಗ್, ಶಾನ್ಷಿ, ಹೆನಾನಿನ ಉತ್ತರ ಮತ್ತು ಪೂರ್ವ ಅಂಚು, ಜಿಯಾಂಗ್ಸು, ಅನ್‌ಹುಯಿಯ ಹಲವು ಭಾಗ, ಝೆಜಿಯಾಂಗಿನ ಉತ್ತರ ತುದಿ, ವುಹಾನ್ ಸುತ್ತಲಿನ ಹುಬೆ, ನಾನ್‌ಚಾಂಗ್ ಇರುವ ಉತ್ತರ ಜಿಯಾಂಗ್ಷಿ ಇವುಗಳಿಗೆ. ಇಲ್ಲಿ ಪಟ್ಟಣ ಜಪಾನಿನದು, ಹೊಲ ಯಾರದೆಂದು ಹೇಳುವುದು ಕಷ್ಟ. ಓರೆಗೆರೆಯ ಮೇಲೆ ದಪ್ಪ ಗೆರೆಗಳು ಬರಬೇಕು: ತಿಯಾನ್‌ಜಿನ್‌ನಿಂದ ನಾನ್‌ಜಿಂಗಿನ ಎದುರು ದಡದ ಪುಕೌವರೆಗಿನ ರೈಲು, ಬೀಜಿಂಗಿನಿಂದ ದಕ್ಷಿಣಕ್ಕೆ ಹಳದಿ ನದಿಯವರೆಗಿನ ರೈಲು, ಶಾಂಘೈಯಿಂದ ಯಿಚಾಂಗ್‌ವರೆಗಿನ ಯಾಂಗ್ಟ್ಸೆ ನದಿ. ಕರಾವಳಿಗೆ ಚುಕ್ಕಿಗಳು ಸಾಕು: ಷಿಯಾಮೆನ್, ಶಾಂಟೌ, ಗುವಾಂಗ್‌ಝೌ ಮತ್ತು ಅದರ ಮುಖಜಭೂಮಿ, ಹೈನಾನ್ ದ್ವೀಪದ ಅಂಚು.

ಎಡವುವುದು ಸಾಮಾನ್ಯವಾಗಿ ಮೂರು ಕಡೆ. ಬೀಜಿಂಗ್–ಹಾಂಕೌ (ವುಹಾನ್) ರೈಲನ್ನು ಉದ್ದಕ್ಕೂ ಜಪಾನಿನದೆಂದು ಎಳೆದುಬಿಡುತ್ತಾರೆ. ಝೆಂಗ್‌ಝೌನಿಂದ ಷಿನ್‌ಯಾಂಗ್ ಕಡೆಗಿನ ತುಂಡು 1944ರವರೆಗೆ ಅವರ ಕೈಗೆ ನಿಂತಿರಲಿಲ್ಲ. ಎರಡನೆಯದು ನಾನ್ನಿಂಗ್. ಅದನ್ನು 1939ರ ನವೆಂಬರಿನಲ್ಲಿ ಹಿಡಿದರು, ಮರುವರ್ಷ ಬಿಟ್ಟು ಹೋದರು, 1944ರಲ್ಲಿ ಮತ್ತೆ ಹಿಡಿದರು. ನಿಮ್ಮ 1940ರ ಡಿಸೆಂಬರ್ ನಕ್ಷೆಯಲ್ಲಿ ಅದು ಬರುವಂತಿಲ್ಲ. ಮೂರನೆಯದು ಯಾರ ಗಮನಕ್ಕೂ ಬರುವುದಿಲ್ಲ: ಹಳದಿ ನದಿ. 1938ರ ಜೂನಿನಲ್ಲಿ ಜಪಾನೀಯರನ್ನು ತಡೆಯಲೆಂದು ಚೀನಾದ ಸೇನೆಯೇ ಝೆಂಗ್‌ಝೌ ಬಳಿ ಹುವಾಯುವಾನ್‌ಕೌನಲ್ಲಿ ಏರಿ ಒಡೆಯಿತು. ಲಕ್ಷಾಂತರ ರೈತರು ಸತ್ತರು, ನದಿ ದಿಕ್ಕು ಬದಲಿಸಿ ಆಗ್ನೇಯಕ್ಕೆ ಹರಿಯಿತು. ಆ ಹೊಸ ಹರಿವೇ ಮುಂದೆ ಹೆನಾನಿನಲ್ಲಿ ಎರಡು ಸೇನೆಗಳ ನಡುವಿನ ಗಡಿಯಾಯಿತು. ಒಡಕು ಮುಚ್ಚಿದ್ದು 1947ರಲ್ಲಿ. ಈಗಿನ ನದಿಯ ಗೆರೆ ಇಟ್ಟುಕೊಂಡು ಯುದ್ಧಕಾಲದ ನಕ್ಷೆ ಬರೆದರೆ ಗಡಿ ಏಕೆ ಹಾಗಿದೆ ಎಂದೇ ತಿಳಿಯುವುದಿಲ್ಲ.

ಇನ್ನು ಶೇಕಡಾ. ಭಾಗಿಸುವುದು ಯಾವುದರಿಂದ ಎಂಬುದು ಮೊದಲು ತೀರ್ಮಾನವಾಗಬೇಕು. ಇಂದಿನ ಚೀನಾ ಸುಮಾರು 96 ಲಕ್ಷ ಚದರ ಕಿ.ಮೀ. ಆಗಿನ ಸರ್ಕಾರ ತನ್ನದೆನ್ನುತ್ತಿದ್ದ ಹೊರಮಂಗೋಲಿಯಾ ಸೇರಿಸಿದರೆ ಇನ್ನೂ 15 ಲಕ್ಷಕ್ಕೂ ಹೆಚ್ಚು. ಮಂಚುಕುವೊ ಒಂದೇ ಸುಮಾರು 12 ಲಕ್ಷ ಚದರ ಕಿ.ಮೀ., ಅಂದರೆ ಆರು ಕರ್ನಾಟಕ, ಇಂದಿನ ಚೀನಾದ ಎಂಟನೇ ಒಂದು ಪಾಲು. ಓರೆಗೆರೆಯ ಪ್ರದೇಶವನ್ನು ಪೂರ್ತಿ ಸೇರಿಸುತ್ತೀರೋ, ಪಟ್ಟಣ ಮತ್ತು ಹಳಿಯನ್ನಷ್ಟೇ ಸೇರಿಸುತ್ತೀರೋ ಎಂಬುದರ ಮೇಲೆ ಮೊತ್ತ ಎಷ್ಟೋ ಏರುತ್ತದೆ, ಇಳಿಯುತ್ತದೆ. ಆದ್ದರಿಂದ ಒಂದೇ ಅಂಕಿ ಬರೆಸಬೇಡಿ. ಅದರ ಬದಲು ಏನು ಕೈತಪ್ಪಿತ್ತು ಎಂದು ಬರೆಸಿ: ಬೀಜಿಂಗ್, ತಿಯಾನ್‌ಜಿನ್, ಶಾಂಘೈ, ನಾನ್‌ಜಿಂಗ್, ವುಹಾನ್, ಗುವಾಂಗ್‌ಝೌ, ಜೊತೆಗೆ ದೊಡ್ಡ ಬಂದರುಗಳಲ್ಲಿ ಮತ್ತು ಗಿರಣಿಗಳಲ್ಲಿ ಬಹುಪಾಲು. ಇವೆಲ್ಲ ಹೋದದ್ದು 1937ರ ಜುಲೈಯಿಂದ 1938ರ ಅಕ್ಟೋಬರಿನೊಳಗೆ.

ಪ್ರಶ್ನೆ: ಸೊಲ್ಲಾಪುರದ ಡಾ. ಕೋಟ್ನಿಸ್ ಹೆಬೆ ಪ್ರಾಂತದ ಹಳ್ಳಿಯಲ್ಲಿ ಆಸ್ಪತ್ರೆ ನಡೆಸಿ ಅಲ್ಲೇ 1942ರಲ್ಲಿ ತೀರಿಕೊಂಡರು ಎಂದು ಓದಿದ್ದೇನೆ. ಹೆಬೆ 1937ರಲ್ಲೇ ಜಪಾನಿನ ವಶವಾಗಿತ್ತಲ್ಲ? (ಓದುಗರು, ವಿಜಯಪುರ)

ಉತ್ತರ: ನೀವು ಹಿಡಿದಿರುವ ಎಳೆಯೇ ಓರೆಗೆರೆಯ ಅರ್ಥ. 1938ರಲ್ಲಿ ಭಾರತದಿಂದ ಹೋದ ಐವರು ವೈದ್ಯರ ತಂಡದಲ್ಲಿ ದ್ವಾರಕಾನಾಥ ಕೋಟ್ನಿಸರೂ ಒಬ್ಬರು. 1939ರ ಆರಂಭದಲ್ಲಿ ಅವರು ಯಾನಾನ್ ತಲುಪಿದರು. ಕಮ್ಯುನಿಸ್ಟರ ಕೇಂದ್ರವಾಗಿದ್ದ ಆ ಊರನ್ನು ಜಪಾನ್ ಬಾಂಬಿನಿಂದ ಹೊಡೆಯಿತೇ ಹೊರತು ಎಂದೂ ಹಿಡಿಯಲಿಲ್ಲ. ಅಲ್ಲಿಂದ ಅವರು ಹೋದದ್ದು ಪೂರ್ವಕ್ಕೆ, ಜಪಾನಿ ಸೇನೆಯ ಬೆನ್ನ ಹಿಂದಿದ್ದ ಶಾನ್ಷಿ–ಚಹಾರ್–ಹೆಬೆ ಗಡಿಸೀಮೆಗೆ. ದಾರಿಯಲ್ಲಿ ಜಪಾನೀಯರು ಕಾಯುತ್ತಿದ್ದ ರೈಲು ಹಳಿ ದಾಟದೆ ಬೇರೆ ಉಪಾಯವಿರಲಿಲ್ಲ.

ಅವರು ತೀರಿಕೊಂಡ ಟಾಂಗ್ ಕೌಂಟಿ ಎಲ್ಲಿದೆ ನೋಡಿ. ಬಾವೋಡಿಂಗ್ ಮತ್ತು ಶಿಜಿಯಾಜುವಾಂಗ್ ನಡುವಿನ ರೈಲು ಮಾರ್ಗದ ಪಶ್ಚಿಮಕ್ಕೆ, ಬಯಲು ಮುಗಿದು ತೈಹಾಂಗ್ ಬೆಟ್ಟಸಾಲು ಏಳುವ ಅಂಚಿನಲ್ಲಿ. ಹಳಿ, ನಿಲ್ದಾಣ, ಕೋಟೆಗೋಡೆಯ ಪಟ್ಟಣ ಜಪಾನಿ ಸೇನೆಯ ಕೈಯಲ್ಲಿ. ಕಣಿವೆಯೊಳಗಿನ ಹಳ್ಳಿಯಲ್ಲಿ ಕಮ್ಯುನಿಸ್ಟರ ಎಂಟನೇ ಮಾರ್ಗದ ಸೇನೆ ತೆರಿಗೆ ಧಾನ್ಯ ಎತ್ತುತ್ತಿತ್ತು, ಶಾಲೆ ನಡೆಸುತ್ತಿತ್ತು, ನೋಟನ್ನೂ ಅಚ್ಚು ಹಾಕುತ್ತಿತ್ತು. 1941ರ ಜನವರಿಯಲ್ಲಿ ಕೋಟ್ನಿಸ್ ಮುಖ್ಯಸ್ಥರಾದ ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆ ಒಂದೇ ಕಟ್ಟಡದಲ್ಲಿ ಇರಲಿಲ್ಲ. ಗಾಯಾಳುಗಳು ಹಳ್ಳಿಗರ ಮನೆಗಳಲ್ಲಿ ಚದುರಿರುತ್ತಿದ್ದರು, ಶೋಧ ದಾಳಿ ಬಂದಾಗ ಆಸ್ಪತ್ರೆಯೇ ಗಂಟುಮೂಟೆ ಕಟ್ಟುತ್ತಿತ್ತು.

ಜಪಾನ್ ಇದನ್ನು ಏಕೆ ಅಳಿಸಲಾಗಲಿಲ್ಲ ಎಂದರೆ, ಸೈನಿಕರು ಸಾಲುತ್ತಿರಲಿಲ್ಲ. ಇಂದಿನ ಹೆಬೆ ಒಂದೇ ಹೆಚ್ಚುಕಡಿಮೆ ಕರ್ನಾಟಕದಷ್ಟು ದೊಡ್ಡದು. ಉತ್ತರ ಚೀನಾ ಸೇನೆ ಅದರ ಜೊತೆಗೆ ಶಾನ್‌ಡಾಂಗ್, ಶಾನ್ಷಿಗಳನ್ನೂ ಕಾಯಬೇಕಿತ್ತು. ಹಳಿಯ ಎರಡೂ ಬದಿ ಕಂದಕ ತೋಡಿ, ಕಾವಲು ಬುರುಜು ಕಟ್ಟಿದರು. ಬುರುಜು ಹೆಚ್ಚಿದಷ್ಟೂ ಅದರೊಳಗೆ ಕೂರಿಸಲು ಜನ ಬೇಕು, ದಾಳಿಗೆ ಹೊರಡುವವರು ಅಷ್ಟು ಕಡಿಮೆ. 1940ರ ಆಗಸ್ಟ್ 20ರಂದು ಆರಂಭವಾದ ನೂರು ರೆಜಿಮೆಂಟುಗಳ ದಾಳಿಯಲ್ಲಿ ಝೆಂಗ್‌ಡಿಂಗ್–ತೈಯುವಾನ್ ರೈಲು ಮಾರ್ಗ ಮತ್ತು ಜಿಂಗ್‌ಷಿಂಗ್ ಕಲ್ಲಿದ್ದಲು ಗಣಿ ಜಖಂಗೊಂಡವು. ಅದರ ಸೇಡಿಗೆ ಬಂದದ್ದು ಕೊಲ್ಲು, ಸುಡು, ದೋಚು ಎಂಬ ಕ್ರಮ. 1942ರ ಮೇ ತಿಂಗಳಲ್ಲಿ ಮಧ್ಯ ಹೆಬೆಯ ಬಯಲನ್ನು ಜಾಲಾಡಿದಾಗ ಗೆರಿಲ್ಲಾ ಪ್ರದೇಶ ನಿಜಕ್ಕೂ ಕುಗ್ಗಿತು. ಬಯಲಿನಲ್ಲಿ ಅಡಗಲು ಬೆಟ್ಟವಿಲ್ಲ, ಹಾಗಾಗಿ ಹಳ್ಳಿಗರು ಮನೆಯಿಂದ ಮನೆಗೆ ಸುರಂಗ ತೋಡಿದರು. ಅಂದರೆ ಓರೆಗೆರೆಯ ಪ್ರದೇಶವೂ ವರ್ಷವರ್ಷಕ್ಕೆ ಬದಲಾಗುತ್ತಿತ್ತು. ಕಮ್ಯುನಿಸ್ಟರ ‘ವಿಮೋಚಿತ ಪ್ರದೇಶ’ವನ್ನು ವಿಶಾಲವಾಗಿ ತೋರಿಸುವ ನಕ್ಷೆಗಳನ್ನೂ ಇದೇ ಅನುಮಾನದಿಂದ ನೋಡಿ.

ಪ್ರಶ್ನೆ: ಇಷ್ಟೆಲ್ಲ ಹಿಡಿದವರು ಚೀನಾ ಸರ್ಕಾರದ ಯುದ್ಧಕಾಲದ ರಾಜಧಾನಿ ಚೊಂಗ್‌ಚಿಂಗ್‌ಗೆ ಏಕೆ ಹೋಗಲಿಲ್ಲ? (ವಿದ್ಯಾರ್ಥಿ, ಶಿವಮೊಗ್ಗ)

ಉತ್ತರ: 1940ರ ಜೂನಿನಲ್ಲಿ ಯಿಚಾಂಗ್ ಹಿಡಿದಾಗ ಚೊಂಗ್‌ಚಿಂಗ್ ನೇರ ಅಳತೆಯಲ್ಲಿ ಸುಮಾರು 470 ಕಿ.ಮೀ. ದೂರವಿತ್ತು. ನಡುವೆ ಯಾಂಗ್ಟ್ಸೆಯ ಕಮರಿಗಳು. ಆ ಊರಿದ್ದ ಸಿಚುವಾನ್ ಪ್ರಾಂತಕ್ಕೆ ಹೊರಗಿನಿಂದ ಒಂದೇ ಒಂದು ರೈಲು ಮಾರ್ಗವೂ ಇರಲಿಲ್ಲ. ಹಳಿ ಮುಗಿದಲ್ಲಿ ಜಪಾನಿ ಸೇನೆಯ ಮದ್ದುಗುಂಡು, ಅಕ್ಕಿ ಎರಡೂ ಮುಗಿಯುತ್ತಿದ್ದವು. ಉತ್ತರದ ದಾರಿಯಲ್ಲಿ, ಹಳದಿ ನದಿ ಪೂರ್ವಕ್ಕೆ ತಿರುಗುವಲ್ಲಿ, ಟಾಂಗ್‌ಗುವಾನ್ ಕಣಿವೆಬಾಯಿ ಅಡ್ಡ ನಿಂತಿತ್ತು. 1938ರಲ್ಲೇ ಎದುರು ದಡ ಮುಟ್ಟಿದ್ದರೂ ದಾಟಿ ಷಿಯಾನ್ ಸೇರಲಾಗಲಿಲ್ಲ. 1942ರಲ್ಲಿ ಸಿಚುವಾನ್ ಮೇಲೆ ಏರಿಹೋಗುವ ಯೋಜನೆ ಸಿದ್ಧವಾಗಿತ್ತು, ಪೆಸಿಫಿಕ್ ದ್ವೀಪ ಗ್ವಾಡಲ್‌ಕನಾಲ್‌ನಲ್ಲಿ ಸಿಕ್ಕಿಬಿದ್ದ ಮೇಲೆ ಕೈಬಿಟ್ಟರು.

ಪ್ರಶ್ನೆ: 1944ರಲ್ಲಿ ಜಪಾನ್ ಪೆಸಿಫಿಕ್‌ನಲ್ಲಿ ಸೋಲುತ್ತಿತ್ತು. ಆದರೂ ಚೀನಾದ ನಕ್ಷೆಯಲ್ಲಿ ಅದರ ಪ್ರದೇಶ ದೊಡ್ಡದಾಗಿದೆ. ಮುದ್ರಣದೋಷವೇ? (ಓದುಗರು, ಮೈಸೂರು)

ಉತ್ತರ: ಅಲ್ಲ. ಇಚಿಗೋ ಎಂಬ ಕಾರ್ಯಾಚರಣೆ 1944ರ ಏಪ್ರಿಲ್‌ನಲ್ಲಿ ಶುರುವಾಯಿತು. ಸುಮಾರು 5 ಲಕ್ಷ ಸೈನಿಕರು ಅದರಲ್ಲಿದ್ದರು. ಗುರಿ ಎರಡು: ದಕ್ಷಿಣ ಚೀನಾದಲ್ಲಿದ್ದ ಅಮೆರಿಕದ ವಿಮಾನ ನೆಲೆಗಳನ್ನು ಕೀಳುವುದು, ಸಮುದ್ರದ ದಾರಿ ಅಪಾಯಕ್ಕೆ ಸಿಕ್ಕಿದ್ದರಿಂದ ಉತ್ತರ ಚೀನಾದಿಂದ ಇಂಡೋಚೀನಾವರೆಗೆ ನೆಲದ ದಾರಿ ತೆರೆಯುವುದು. ಮೇನಲ್ಲಿ ಲುವೊಯಾಂಗ್, ಜೂನ್‌ನಲ್ಲಿ ಚಾಂಗ್ಶಾ, 47 ದಿನ ಕಾದಾಡಿ ಆಗಸ್ಟ್ 8ಕ್ಕೆ ಹೆಂಗ್‌ಯಾಂಗ್, ನವೆಂಬರಿನಲ್ಲಿ ಗುಯಿಲಿನ್ ಮತ್ತು ಲಿಯುಝೌ ಬಿದ್ದವು. ಡಿಸೆಂಬರಿನಲ್ಲಿ ಗುಯಿಝೌ ಪ್ರಾಂತದ ದುಶಾನ್ ಮುಟ್ಟಿದಾಗ ಚೊಂಗ್‌ಚಿಂಗ್‌ನಲ್ಲೇ ಕಂಗಾಲಾದರು.

ದಾರಿ ನಕ್ಷೆಯ ಮೇಲೆ ತೆರೆಯಿತು, ರೈಲು ಮಾತ್ರ ಉದ್ದಕ್ಕೂ ಓಡಲಿಲ್ಲ. ಅಷ್ಟರಲ್ಲಿ ಪೆಸಿಫಿಕ್ ದ್ವೀಪ ಸೈಪಾನ್ ಅಮೆರಿಕದ ಕೈ ಸೇರಿ, ಜಪಾನಿನ ಮೇಲೆ ಬಾಂಬ್ ಹಾಕಲು ಚೀನಾದ ನೆಲೆಗಳೇ ಬೇಕಿರಲಿಲ್ಲ. ನನ್ನ ಅಂದಾಜಿನಲ್ಲಿ ಇಚಿಗೋದಿಂದ ಹೆಚ್ಚು ಪೆಟ್ಟು ತಿಂದದ್ದು ಚೀನಾ ಸರ್ಕಾರದ ನಾಯಕ ಚಿಯಾಂಗ್ ಕೈಶೇಕರ ಸೇನೆಯ ಮರ್ಯಾದೆ. ಅದೇ ವೇಳೆಗೆ ನೈಋತ್ಯದ ಕಥೆ ತಿರುವುಮುರುವು: ಬರ್ಮಾ ಕಡೆಯಿಂದ 1942ರ ಮೇನಲ್ಲಿ ಜಪಾನ್ ಹಿಡಿದಿದ್ದ ಟೆಂಗ್‌ಚಾಂಗನ್ನು ಚೀನೀಯರು 1944ರ ಸೆಪ್ಟೆಂಬರಿನಲ್ಲಿ ಮರಳಿ ಗೆದ್ದರು. ಅಸ್ಸಾಮಿನ ಲೆಡೊದಿಂದ ಹೊರಟ ರಸ್ತೆ ಚೀನಾಕ್ಕೆ ಕೂಡಿಕೊಳ್ಳಲು ಇದು ಬೇಕೇಬೇಕಿತ್ತು. ಹಾಗಾಗಿ 1944ರ ಡಿಸೆಂಬರ್ ನಕ್ಷೆಯಲ್ಲಿ ಒಂದು ಕಡೆ ಬಣ್ಣ ಹಿಗ್ಗಬೇಕು, ಇನ್ನೊಂದು ಕಡೆ ಕುಗ್ಗಬೇಕು.

ಪ್ರಶ್ನೆ: ಹಾಂಗ್‌ಕಾಂಗ್, ಮಕಾವ್, ತೈವಾನ್ ಇವನ್ನೂ ಲೆಕ್ಕಕ್ಕೆ ಹಿಡಿಯಬೇಕೇ? (ಓದುಗರು, ಮಂಗಳೂರು)

ಉತ್ತರ: ಹಾಂಗ್‌ಕಾಂಗ್ ಆಗ ಬ್ರಿಟಿಷರದು, 1941ರ ಡಿಸೆಂಬರ್ 25ರಂದು ಜಪಾನಿಗೆ ಶರಣಾಯಿತು. ಬೇರೆ ಬಣ್ಣ ಕೊಡಿ. ಪೋರ್ಚುಗೀಸರ ಮಕಾವ್ ತಟಸ್ಥವಾಗಿತ್ತು, ಅದನ್ನು ಆಕ್ರಮಿಸಲಿಲ್ಲ. ತೈವಾನ್ 1895ರ ಶಿಮೊನೊಸೆಕಿ ಒಪ್ಪಂದದಿಂದಲೇ ಜಪಾನಿನ ವಸಾಹತು, ಯುದ್ಧಕಾಲದ ಆಕ್ರಮಣದ ಪಟ್ಟಿಗೆ ಸೇರದು. ಮಂಚೂರಿಯಾದ ತುದಿಯ ಡಾಲಿಯಾನ್ ಮತ್ತು ಲುಶುನ್ ಕೂಡ 1905ರಿಂದಲೇ ಗುತ್ತಿಗೆಯ ಮೇಲೆ ಅವರ ಕೈಯಲ್ಲಿದ್ದವು. ಪರೀಕ್ಷೆಯಲ್ಲಿ ‘1937ರ ನಂತರ’ ಎಂದು ಕೇಳಿದ್ದರೆ ತೈವಾನ್, ಡಾಲಿಯಾನ್, ಲುಶುನ್‌ಗಳನ್ನೂ ಮಂಚುಕುವೊವನ್ನೂ ನಿಮ್ಮ ಉತ್ತರದಲ್ಲಿ ಸೇರಿಸಬೇಡಿ.