ಮಲೆನಾಡಿನ ಚಳಿಗೆ ಕುರಿ ತಡೆಯುತ್ತಾ?

ಬೆಂಗಳೂರಿನ ಕೆಲಸ ಬಿಟ್ಟು ಶಿವಮೊಗ್ಗ ಕಡೆಯ ಊರಿಗೆ ವಾಪಸ್ ಬರುತ್ತಿದ್ದೇನೆ, ದೀಪಾವಳಿ ಹೊತ್ತಿಗೆ 30 ಕುರಿ ತರೋಣ ಅಂತಿದ್ದೇನೆ, ಇಲ್ಲಿನ ಚಳಿ, ಮಂಜಿಗೆ ಅವು ತಡೆಯುತ್ತವಾ, ಚಳಿಗಾಲದಲ್ಲಿ ಏನೇನು ತೊಂದರೆ ಅಂತ ಕೇಳಿದ್ದೀರಿ.

ತಡೆಯುತ್ತವೆ. ಆದರೆ ದೀಪಾವಳಿಗೆ ಮಾತ್ರ ತರಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಮ್ಮದು ಆಯನೂರಿನಿಂದ ರಿಪ್ಪನ್‌ಪೇಟೆಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಹಳ್ಳಿ. ಒಂದೂವರೆ ಎಕರೆ ಅಡಿಕೆ ತೋಟ, ಅದರ ಕೆಳಗೆ ಗದ್ದೆ, ರಸ್ತೆ ಆಚೆ ಮೆಕ್ಕೆಜೋಳದ ಹೊಲ, ಮನೆ ಹಿಂದೆ ಕಾಡು. ಅತ್ತ ಪೂರ್ತಿ ಮಲೆನಾಡೂ ಅಲ್ಲ, ಇತ್ತ ಬಯಲುಸೀಮೆಯೂ ಅಲ್ಲ. ಆರು ವರ್ಷದ ಹಿಂದೆ ಚಿತ್ರದುರ್ಗದ ಕಡೆಯಿಂದ 22 ಕುರಿ ತಂದೆ. ಈಗ ಮರಿ ಬಿಟ್ಟು 41 ಇವೆ. ಮೊದಲ ವರ್ಷ ಚಳಿ ಶುರುವಾಗಿ ಯುಗಾದಿ ಬರುವಷ್ಟರಲ್ಲಿ 7 ಕುರಿ ಹೋದವು. ಕೇಳಿದವರಿಗೆಲ್ಲ 'ಚಳಿ ತಡೆಯಲಿಲ್ಲ ಮಾರಾಯ' ಅಂತ ಹೇಳಿಕೊಂಡು ತಿರುಗಿದೆ. ಈಗ ಕೂತು ಲೆಕ್ಕ ಹಾಕಿದರೆ ಏಳರಲ್ಲಿ ಒಂದೂ ಚಳಿಗೆ ಸತ್ತಿದ್ದಲ್ಲ. ಐದನ್ನು ತಿಂದಿದ್ದು ತೇವ, ಎರಡನ್ನು ನನ್ನ ಉದಾಸೀನ.

ಮೊದಲ ಎರಡರ ಕಥೆ ಕೇಳಿ. ಕಾರ್ತಿಕದಲ್ಲಿ ಮಂಜು ಬೀಳಲು ಶುರುವಾಯಿತು. ರಾತ್ರಿ ನನಗೇ ಎರಡು ಕಂಬಳಿ ಬೇಕಾಗುತ್ತಿತ್ತು. ಪಾಪ, ಅವಕ್ಕೆ ಹೇಗಾಗಬೇಡ ಅಂತ ಕೊಟ್ಟಿಗೆಯ ನಾಲ್ಕೂ ಕಡೆ ಟಾರ್ಪಾಲ್ ಬಿಗಿದೆ. ಗಾಳಿ ಒಂದು ಚೂರೂ ನುಗ್ಗದ ಹಾಗೆ. ಬೆಳಿಗ್ಗೆ ಟಾರ್ಪಾಲ್ ಎತ್ತಿದರೆ ಗಂಜಲದ ಘಾಟಿಗೆ ಕಣ್ಣಲ್ಲಿ ನೀರು. ತಗಡಿನ ಅಡಿಯಿಂದ ಹನಿ ತೊಟ್ಟಿಕ್ಕುತ್ತಿತ್ತು. ಒಳಗೆ ಬೆಚ್ಚಗಿತ್ತು ನೋಡಿ, ನಾನು ಖುಷಿಪಟ್ಟೆ. ಹದಿನೈದು ದಿನಕ್ಕೆ ಕೆಮ್ಮು ಶುರುವಾಯಿತು. ಆಮೇಲೆ ಮೂಗಲ್ಲಿ ಗಟ್ಟಿ ಸಿಂಬಳ, ಮೇವು ಬಿಟ್ಟು ಕಿವಿ ಜೋತುಹಾಕಿಕೊಂಡು ಮೂಲೆಯಲ್ಲಿ ನಿಲ್ಲುವುದು. ನ್ಯುಮೋನಿಯಾ. ಡಾಕ್ಟರು ಬರುವ ಹೊತ್ತಿಗೆ ತಡವಾಗಿತ್ತು.

ಆಗ ಭತ್ತದ ಕೊಯ್ಲು ಮುಗಿದಿತ್ತು. ಕೊಯ್ಲಾದ ಮೇಲೆ ಬಯಲುಸೀಮೆಯ ಕುರಿಗಾಹಿಗಳು ನೂರಾರು ಕುರಿ ಹೊಡೆದುಕೊಂಡು ನಮ್ಮ ಕಡೆ ಬರುತ್ತಾರಲ್ಲ, ರಾತ್ರಿ ಗದ್ದೆಯಲ್ಲಿ ಮಂದೆ ನಿಲ್ಲಿಸುತ್ತಾರೆ, ಗೊಬ್ಬರಕ್ಕೆ ಅಂತ ಗದ್ದೆಯವರು ದುಡ್ಡೋ ಭತ್ತವೋ ಕೊಡುತ್ತಾರೆ. ಹಾಗೆ ಪಕ್ಕದ ಗದ್ದೆಯಲ್ಲಿ ಇಳಿದಿದ್ದ ಅಜ್ಜ ಒಬ್ಬರು ಬೀಡಿಗೆ ಬೆಂಕಿ ಕೇಳಲು ಬಂದವರು ಕೊಟ್ಟಿಗೆ ಬಾಗಿಲಲ್ಲೇ ಮೂಗು ಮುಚ್ಚಿಕೊಂಡರು.

"ಇದ್ಯಾಕ್ ತಮ್ಮಾ ಹಿಂಗ್ ಕಟ್ಟೀಯಾ?"

"ಚಳಿ ಅಲ್ವಾ ಅಜ್ಜ."

"ಚಳಿ ನಿಂಗೈತೆ. ಅವು ಹುಟ್ಟುವಾಗ್ಲೇ ಕಂಬಳಿ ಹೊದ್ಕಂಡ್ ಬಂದಾವೆ."

ಅವರ ಕುರಿಗಳು ಬಯಲಲ್ಲೇ, ಮಂಜಲ್ಲೇ ಮಲಗಿದ್ದವು. ನನ್ನವು ಸೂರಿನಡಿ ಕೆಮ್ಮುತ್ತಿದ್ದವು. ಅವತ್ತೇ ಟಾರ್ಪಾಲ್ ಬಿಚ್ಚಿದೆ.

ಈಗ ಕೊಟ್ಟಿಗೆಗೆ ಕುರಿ ಮಲಗುವ ಮಟ್ಟದಿಂದ ಮೂರು ಅಡಿ ಗೋಡೆ, ಅದರ ಮೇಲೆ ಸೂರಿನವರೆಗೆ ಬರೀ ಜಾಲರಿ. ಮಲಗಿದಾಗ ಮೈಗೆ ನೇರ ಗಾಳಿ ಹೊಡೆಯಬಾರದು, ಘಾಟು ಮೇಲಿನಿಂದ ಹೊರಗೆ ಹೋಗಬೇಕು, ಅಷ್ಟೆ. ಗಾಳಿ ಸಾಕಾ ಅಂತ ತಿಳಿಯಲು ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಒಳಗೆ ಹೋಗಿ ಕುಕ್ಕರುಗಾಲಲ್ಲಿ ಕೂತು ನೋಡಿ. ನಿಂತರೆ ಗೊತ್ತಾಗಲ್ಲ, ಅವುಗಳ ಮೂಗು ಇರುವ ಎತ್ತರಕ್ಕೆ ಕೂರಬೇಕು. ಕಣ್ಣು ಉರಿದರೆ ಇನ್ನೂ ಗಾಳಿ ಬೇಕು ಅಂತ.

ನೆಲದ ವಿಷಯ ಇನ್ನೂ ಮುಖ್ಯ. ನಮ್ಮ ಮಣ್ಣಿನ ನೆಲ ಮಳೆಗಾಲದ ತೇವ ಬಿಟ್ಟುಕೊಡುವ ಹೊತ್ತಿಗೆ ಸಂಕ್ರಾಂತಿ ಬಂದಿರುತ್ತದೆ. ಅದರ ಮೇಲೆ ನಿಂತು ನಿಂತು ಗೊರಸಿನ ಸಂದಿ ಕೊಳೆಯುತ್ತದೆ, ಕುಂಟಲು ಶುರುಮಾಡುತ್ತವೆ. ಎರಡನೇ ವರ್ಷ ಅಡಿಕೆ ಮರ ಸೀಳಿದ ದಬ್ಬೆ ಜೋಡಿಸಿ ಮೂರು ಅಡಿ ಎತ್ತರದ ಅಟ್ಟ ಮಾಡಿದೆ. ಹಿಕ್ಕೆ, ಗಂಜಲ ಎಲ್ಲ ಕೆಳಗೆ ಬೀಳುತ್ತದೆ, ಮೇಲೆ ಒಣಗಿರುತ್ತದೆ. ದಬ್ಬೆ ನಡುವಿನ ಸಂದಿ ಮುಕ್ಕಾಲು ಇಂಚು ದಾಟಬಾರದು. ನಾನು ಮೊದಲು ಜಾಸ್ತಿ ಬಿಟ್ಟಿದ್ದೆ, ಒಂದು ಮರಿಯ ಕಾಲು ಸಿಕ್ಕಿ ಮುರಿಯಿತು. ತೋಟ ಇದ್ದವರಿಗೆ ದಬ್ಬೆ ಮನೆಯದ್ದೇ, ಮೂರ್ನಾಲ್ಕು ವರ್ಷ ಬಾಳುತ್ತದೆ. ಕೆಳಗಿನ ಗೊಬ್ಬರ ಬಾಚಿ ಅಡಿಕೆ ಬುಡಕ್ಕೆ ಹಾಕುತ್ತೇನೆ. ಗೊಬ್ಬರವನ್ನು ಬಿಟ್ಟು ಕುರಿಯ ಲಾಭ ಲೆಕ್ಕ ಹಾಕುವವರನ್ನು ಕಂಡರೆ ನನಗೆ ನಗು ಬರುತ್ತದೆ. ಕಾಲು ಕೊಳೆಗೆ 10 ಲೀಟರ್ ನೀರಿಗೆ 1 ಕೆಜಿ ಝಿಂಕ್ ಸಲ್ಫೇಟ್ ಕರಗಿಸಿ ಅದರಲ್ಲಿ ಕಾಲು ಅದ್ದಿಸಿ. ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಕುಡಿಯಲು ಮಾತ್ರ ಬಿಡಬೇಡಿ.

ಇನ್ನು ಇಬ್ಬನಿ. ಬೆಳಿಗ್ಗೆ ಏಳಕ್ಕೆ ನಮ್ಮ ಬ್ಯಾಣದ, ಅಂದರೆ ಹುಲ್ಲುಗಾವಲಿನ, ಹುಲ್ಲು ಮಳೆ ಬಂದ ಹಾಗೆ ಒದ್ದೆ ಇರುತ್ತದೆ. ನೋಡಲು ಚೆಂದ. ಹಿಕ್ಕೆಯ ಜೊತೆ ಬಿದ್ದ ಜಂತುಹುಳುವಿನ ಮೊಟ್ಟೆ ಒಡೆದು, ಮರಿಹುಳುಗಳು ಆ ತೇವ ಹಿಡಿದುಕೊಂಡೇ ಹುಲ್ಲಿನ ಗರಿ ಹತ್ತುತ್ತವೆ. ಬಿಸಿಲು ಏರಿ ಹುಲ್ಲು ಒಣಗಿದರೆ ಬುಡಕ್ಕೆ ಇಳಿಯುತ್ತವೆ. ಅಂದರೆ ಬೆಳ್ಳಂಬೆಳಿಗ್ಗೆ ಬಿಟ್ಟರೆ ಹುಲ್ಲಿನ ಜೊತೆ ಹುಳುವನ್ನೂ ಮೇಯಿಸಿದ ಹಾಗೆ. ನಾನು ಚಳಿಗಾಲದಲ್ಲಿ ಒಂಬತ್ತೂವರೆ, ಹತ್ತಕ್ಕೆ ಮುಂಚೆ ಬಿಡುವುದಿಲ್ಲ. ಐದರೊಳಗೆ ವಾಪಸ್. 'ಏನೋ, ನಿನ್ನ ಕುರಿಗೆ ಆಫೀಸ್ ಟೈಮಾ' ಅಂತ ಊರವರು ನಗುತ್ತಾರೆ. ನಗಲಿ ಬಿಡಿ. ಅಲ್ಲಿಯವರೆಗೆ ಹುರುಳಿ ಹೊಟ್ಟು, ಶೇಂಗಾ ಬಳ್ಳಿ, ಇಲ್ಲದಿದ್ದರೆ ಒಣಗಿದ ಜೋಳದ ಸೊಪ್ಪೆ ಹಾಕುತ್ತೇನೆ. ಪ್ರತಿ ಭಾನುವಾರ ಒಂದೊಂದನ್ನೇ ಹಿಡಿದು ಕಣ್ಣಿನ ಕೆಳರೆಪ್ಪೆ ಎಳೆದು ನೋಡುವುದು ನನ್ನ ರೂಢಿ. ಒಳಗೆ ಕೆಂಪಗಿದ್ದರೆ ಸರಿ. ಬಿಳಿಚಿಕೊಂಡಿದ್ದರೆ ಹೊಟ್ಟೆಯ ಹುಳು ರಕ್ತ ಹೀರುತ್ತಿದೆ ಅಂತ. ಆಗ ಔಷಧಿ. ಎಲ್ಲಕ್ಕೂ ತಿಂಗಳಿಗೊಮ್ಮೆ ಸುಮ್ನೆ ಕುಡಿಸುತ್ತಾ ಹೋದರೆ ಆ ಔಷಧಿಗೆ ಹುಳುಗಳು ಬಗ್ಗುವುದೇ ಇಲ್ಲ. ಆಲ್ಬೆಂಡಜೋಲ್ ಅನ್ನುವ ಜಂತುಹುಳು ಔಷಧಿಯನ್ನು ಹೊಸದಾಗಿ ಗಬ್ಬವಾದ ಕುರಿಗೆ ಕೊಡಬಾರದು, ನೆನಪಿರಲಿ.

ಮೂರು ಕುರಿ ಹೋಗಿದ್ದು ಗದ್ದೆಯಿಂದ. ಇದು ಮಲೆನಾಡಿನವರು ಕಲಿಯಲೇಬೇಕಾದ ಪಾಠ, ಬಯಲುಸೀಮೆಯ ಕುರಿ ಪುಸ್ತಕದಲ್ಲಿ ಇದಕ್ಕೆ ಎರಡು ಸಾಲೂ ಇರುವುದಿಲ್ಲ. ಭತ್ತ ಕೊಯ್ದ ಮೇಲೆ ಕೂಳೆ ಚಿಗುರುತ್ತದೆ, ಅಂಚಿನಲ್ಲಿ ಹಸಿರು ಹುಲ್ಲು ಬರುತ್ತದೆ. ಬಿಟ್ಟಿ ಮೇವು ಅಂತ ಡಿಸೆಂಬರ್ ಪೂರ್ತಿ ಅಲ್ಲೇ ಬಿಟ್ಟೆ. ಏನೂ ಆಗಲಿಲ್ಲ. ಮಾರ್ಚ್‌ನಲ್ಲಿ ಒಂದು ಕುರಿಯ ಗದ್ದದ ಕೆಳಗೆ ಚೀಲದ ಹಾಗೆ ಊದಿಕೊಂಡಿತು. ಸಂಜೆ ಊತ, ಬೆಳಿಗ್ಗೆ ಕಡಿಮೆ. ಏನೋ ಕಚ್ಚಿರಬೇಕು ಅಂದುಕೊಂಡೆ. ಅದು ಸತ್ತ ಮೇಲೆ ಡಾಕ್ಟರು ಹೊಟ್ಟೆ ಕೊಯ್ದು ತೋರಿಸಿದರು, ಯಕೃತ್ತಿನ ತುಂಬ ಎಲೆಯ ಹಾಗೆ ಚಪ್ಪಟೆ ಹುಳುಗಳು. "ಕೊಯ್ಲಾದ ಮೇಲೆ ಗದ್ದೆಗೆ ಬಿಟ್ಟಿದ್ರಾ?" ಅಂತ ಮೊದಲು ಕೇಳಿದ್ದೇ ಅದು. ಈ ಹುಳು ಮರಿಯಾಗಿದ್ದಾಗ ಗದ್ದೆ, ಕೆರೆಯ ಬಸವನಹುಳುವಿನ ಒಳಗೆ ಬೆಳೆಯುತ್ತದೆ, ಆಮೇಲೆ ಹೊರಗೆ ಬಂದು ನೀರಂಚಿನ ಹುಲ್ಲಿಗೆ ಅಂಟಿಕೊಳ್ಳುತ್ತದೆ. ಕುರಿ ಅದನ್ನು ತಿಂದು ತಿಂಗಳುಗಟ್ಟಲೆ ಆದ ಮೇಲೆ ಕಾಯಿಲೆ ಮೇಲಕ್ಕೆ ಕಾಣುತ್ತದೆ. ಹಾಗಾಗಿ ಯಾರೂ ಗದ್ದೆಯನ್ನು ದೂರುವುದಿಲ್ಲ. ಮಾಮೂಲಿ ಜಂತುಹುಳು ಔಷಧಿಯಲ್ಲಿ ಎಲ್ಲವೂ ಇದಕ್ಕೆ ತಾಗುವುದಿಲ್ಲ. ಹಿಕ್ಕೆ ಪರೀಕ್ಷೆ ಮಾಡಿಸಿ, ಡಾಕ್ಟರು ಹೇಳಿದ್ದನ್ನೇ ಕೊಡಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ನಮಗೆ ಅದೊಂದು ಅನುಕೂಲ. ಈಗ ನಾನು ಗದ್ದೆ ಪೂರ್ತಿ ಒಣಗಿ ಬಿರುಕು ಬಿಡುವವರೆಗೆ ಕುರಿ ಇಳಿಸುವುದಿಲ್ಲ. ಹಾಗಾದರೆ ಆ ಅಜ್ಜನ ಮಂದೆ ಅಲ್ಲೇ ಮೇಯುತ್ತಿತ್ತಲ್ಲ ಅಂತೀರಾ? ಅವರಿಗೂ ಈ ಹುಳುವಿನ ಕಾಟ ತಪ್ಪಿದ್ದಲ್ಲ. ಅವರ ಗಂಟುಮೂಟೆಯಲ್ಲಿ ಔಷಧಿ ಬಾಟಲಿ ಯಾವಾಗಲೂ ಇರುತ್ತದೆ.

ಉಳಿದ ಎರಡು ಮೆಕ್ಕೆಜೋಳಕ್ಕೆ. ಹೊಲದಲ್ಲಿ ಕಟಾವಾದ ಮೇಲೆ ತೆನೆ ಬಿದ್ದಿದ್ದವು, ನಾನು ಫೋನಲ್ಲಿ ಮಾತಾಡುತ್ತಾ ನಿಂತೆ. ಹೊಟ್ಟೆ ಬಿರಿಯ ತಿಂದವು. ಕಾಳು ಹೊಟ್ಟೆಯಲ್ಲಿ ಹುಳಿಯಾಗಿ ಬೆಳಗಾಗುವುದರೊಳಗೆ ಎರಡು ಮಲಗಿದ್ದವು ಏಳಲಿಲ್ಲ. ಕಾಳು ತಿಂದಿದ್ದು ಗೊತ್ತಾದ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ. ಅವರು ಬರುವವರೆಗೆ ನೀರಲ್ಲಿ ಅಡಿಗೆ ಸೋಡಾ ಕದಡಿ ಕುಡಿಸುವುದು ನಮ್ಮ ಕಡೆ ರೂಢಿ.

ಅಡಿಕೆ ತೋಟದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವಲ್ಲ, ಅದರಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರ. ಕೆಳಗಿನ ಹುಲ್ಲಿನ ಮೇಲೂ ಬೀಳುತ್ತದೆ. ದನ ತಡೆದುಕೊಳ್ಳುವಷ್ಟು ತಾಮ್ರವನ್ನು ಕುರಿ ತಡೆದುಕೊಳ್ಳಲ್ಲ. ಮೈಯಲ್ಲಿ ಸ್ವಲ್ಪ ಸ್ವಲ್ಪವೇ ಸೇರಿಕೊಂಡು ಒಂದು ದಿನ ಇದ್ದಕ್ಕಿದ್ದಂತೆ ಕಣ್ಣು ಹಳದಿ, ಮೂತ್ರ ಕೆಂಪು. ಆಗ ಉಳಿಸುವುದು ಕಷ್ಟ. ಸಿಂಪಡಿಸಿದ ತೋಟದ ಹುಲ್ಲು, ಹಾಳೆ ಎರಡನ್ನೂ ನಾನು ಕುರಿಗೆ ಕೊಡುವುದಿಲ್ಲ. ದನದ ಖನಿಜ ಮಿಶ್ರಣವನ್ನೂ ಕೊಡಬೇಡಿ, ಕುರಿಯದ್ದೇ ಬೇರೆ ಸಿಗುತ್ತದೆ.

ಕಾಡಿಗೆ ಹೋಗುವ ವಿಷಯದಲ್ಲಿ ಕುರಿಗಿಂತ ಮನೆಯವರ ಚಿಂತೆ ದೊಡ್ಡದು. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾಗಿದ್ದೇ ನಮ್ಮ ಜಿಲ್ಲೆಯಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ. ಅದನ್ನು ಹರಡುವ ಉಣುಗಿನ ಮರಿಗಳು ಜಾಸ್ತಿಯಾಗುವುದು ಚಳಿಗಾಲದಿಂದ ಬೇಸಿಗೆಯವರೆಗೆ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಕಡೆ ಎಷ್ಟು ಜನ ಹೋದರು ಅಂತ ನಮ್ಮ ಕಡೆ ಯಾರೂ ಮರೆತಿಲ್ಲ. ನಾನು ಮೊದಲ ವರ್ಷ ಕೊಟ್ಟಿಗೆಗೆ ಹಾಸಲು ಕಾಡಿಂದ ತರಗೆಲೆ ಗೋಣಿಗಟ್ಟಲೆ ತಂದಿದ್ದೆ. ಆಶಾ ಕಾರ್ಯಕರ್ತೆ ಅಕ್ಕ ಅಂಗಳದಲ್ಲೇ ನಿಂತು ಬೈದರು, "ಉಣುಗನ್ನ ಹೊತ್ತು ತಂದು ಮನೆಗೆ ಹಾಸ್ತೀಯಲ್ಲೋ!" ಈಗ ಹಾಸುವುದಿದ್ದರೆ ಭತ್ತದ ಹುಲ್ಲೇ. ನವೆಂಬರ್‌ನಿಂದ ಮಳೆ ಬೀಳುವವರೆಗೆ ಕುರಿಯನ್ನು ಕಾಡಿನ ಒಳಗೆ ಬಿಡುವುದಿಲ್ಲ. ಅಂಚಿಗೆ ಹೋದರೂ ಕೈಕಾಲಿಗೆ ಉಣುಗು ಹತ್ತದ ಹಾಗೆ ಡೆಪಾ ಎಣ್ಣೆ ಹಚ್ಚಿಕೊಂಡೇ ಹೋಗುವುದು, ಬಂದ ಕೂಡಲೇ ಬಿಸಿನೀರು ಸ್ನಾನ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ಹೇಳಿ.

ಮರಿಗಳ ಮಾತು ಬೇರೆ. ದೊಡ್ಡ ಕುರಿಗೆ ತಾಗದ ಚಳಿ ಒದ್ದೆ ಮೈಯ ಮರಿಗೆ ತಾಗುತ್ತದೆ. ಹುಟ್ಟಿದ ಕೂಡಲೇ ಗೋಣಿಯಲ್ಲಿ ಒರೆಸಿ, ಹೊಕ್ಕುಳಿಗೆ ಅಯೋಡಿನ್ ಹಚ್ಚಿ, ಒಂದೆರಡು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಬೇಕು. ಬಾಯೊಳಗೆ ಬೆರಳಿಟ್ಟು ನೋಡಿ. ಬೆಚ್ಚಗಿದ್ದರೆ ಹಾಲು. ತಣ್ಣಗಿದ್ದು ಕುತ್ತಿಗೆ ಎತ್ತಲಾರದಿದ್ದರೆ ಮೊದಲು ಮೈ ಕಾಯಿಸಬೇಕು, ಹಾಲು ಆಮೇಲೆ, ಇಲ್ಲದಿದ್ದರೆ ಶ್ವಾಸಕೋಶಕ್ಕೆ ಹೋಗುತ್ತದೆ. ನಮ್ಮ ಮನೆಯಲ್ಲಿ ಇದಕ್ಕೆ ಜಾಗ ಬಚ್ಚಲ ಒಲೆಯ ಪಕ್ಕ. ಅಮ್ಮ ಹಳೆಯ ಕಂಬಳಿಯಲ್ಲಿ ಸುತ್ತಿ ಅಲ್ಲಿಟ್ಟರೆ ಅರ್ಧ ಗಂಟೆಗೆ ಕಿವಿ ಅಲ್ಲಾಡಿಸುತ್ತದೆ. ಸ್ನಾನಕ್ಕೆ ಹೋದವರ ಟವೆಲ್ ಚೀಪಿದ ಮರಿಗಳೂ ಇವೆ.

ಕಷ್ಟ ಏನೆಂದರೆ ಮರಿ ಹಾಕುವ ಕಾಲಕ್ಕೇ ಅಡಿಕೆ ಸುಗ್ಗಿ. ಗೊನೆ ಕೊಯ್ಯುವುದು, ಸುಲಿಯುವುದು, ಬೇಯಿಸುವುದು, ಅಂಗಳ ತುಂಬ ಅಡಿಕೆ, ಕುರಿ ಕಡೆ ನೋಡಲು ಜನವೇ ಇಲ್ಲ. ಒಂದೇ ಪುಣ್ಯ, ಸುಲಿಯುವವರು ರಾತ್ರಿ ಹನ್ನೊಂದರವರೆಗೆ ಎದ್ದಿರುತ್ತಾರೆ. ಕುರಿ ಒಂದು ನಮೂನೆ ಕೂಗಿದರೆ ಅವರೇ ಕರೆಯುತ್ತಾರೆ. ಗಬ್ಬ ಐದು ತಿಂಗಳು. ಈಗ ಜೂನ್, ಜುಲೈ, ಆಗಸ್ಟ್‌ನಲ್ಲಿ ಟಗರನ್ನು ಬೇರೆ ಕಟ್ಟುತ್ತೇನೆ, ಮರಿಗಳು ಫೆಬ್ರುವರಿ ಮೇಲೆ ಬರುತ್ತವೆ. ಆಗ ಹಸಿರು ಮೇವು ಕಡಿಮೆ, ತಾಯಿಗೆ ಹಿಂಡಿ ಖರ್ಚು ಜಾಸ್ತಿ. ಆದರೂ ನನಗೆ ಅದೇ ವಾಸಿ ಅನಿಸಿದೆ. ಉಣ್ಣೆ ಕತ್ತರಿಸುವುದನ್ನೂ ಚಳಿ ಮುಗಿಯುವವರೆಗೆ ಮುಟ್ಟುವುದಿಲ್ಲ.

ದೀಪಾವಳಿಗೆ ತರಬೇಡಿ ಅಂದೆನಲ್ಲ, ಕಾರಣ ಇದೇ. ಒಣ ಸೀಮೆಯಲ್ಲಿ ಹುಟ್ಟಿದ ಕುರಿ, ಲಾರಿಯಲ್ಲಿ ನಿಂತು ಸುಸ್ತಾಗಿ ಬಂದು ಇಳಿಯುವುದು ನೇರ ಇಬ್ಬನಿಗೆ, ಕೂಳೆ ಗದ್ದೆಗೆ. ನೀವೂ ಹೊಸಬರು. ಶಿವರಾತ್ರಿ ಕಳೆದು ಚಳಿ ಶಿವಶಿವಾ ಅಂತ ಹೋದ ಮೇಲೆ ತನ್ನಿ. ಮಳೆ ಬೀಳುವವರೆಗೆ ಮೂರು ತಿಂಗಳು ಸಿಗುತ್ತದೆ. ಅಷ್ಟರಲ್ಲಿ ಅಟ್ಟ ಕಟ್ಟಿ, ಪಿ.ಪಿ.ಆರ್. (ಕುರಿ, ಆಡಿಗೆ ಬರುವ ಒಂದು ಅಂಟುರೋಗ) ಮತ್ತು ಕರುಳು ಬೇನೆ ಲಸಿಕೆ ಹಾಕಿಸಿ, ಪ್ರತಿ ಕುರಿಯ ನಡಿಗೆ, ದನಿ ಗುರುತಾಗುವಷ್ಟು ಪಳಗಿ. 30 ಬೇಡ, 10 ಸಾಕು.

ನಿಮ್ಮ ಊರು ಯಾವ ತಾಲೂಕು ಅಂತ ಬರೆದಿಲ್ಲ. ಶಿಕಾರಿಪುರ, ಭದ್ರಾವತಿ ಕಡೆ ಆದರೆ ಮೇಲೆ ಹೇಳಿದ್ದರಲ್ಲಿ ಅರ್ಧ ತೊಂದರೆ ಕಡಿಮೆ. ತೀರ್ಥಹಳ್ಳಿ ದಾಟಿ ಆಗುಂಬೆ ಕಡೆ ಆದರೆ ನನ್ನ ಮಾತು ಕೇಳಿ, ಕುರಿ ಬಿಟ್ಟು ಆಡು ನೋಡಿ. ಆಡು ತಲೆ ಎತ್ತಿ ಸೊಪ್ಪು ಮೇಯುತ್ತದೆ, ಕುರಿಯ ಬಾಯಿ ಯಾವಾಗಲೂ ನೆಲದಲ್ಲೇ. ಆ ಕಡೆ ನೆಲ ಒಣಗುವ ದಿನ ಎಷ್ಟು ಅಂತ ನಿಮಗೇ ಗೊತ್ತು.